ಮಿಡಿಗೆ ಒಂದೇ ನಾಲಿಗೆ

ಜನವರಿ 19, ಸಾಗರ

ನನ್ನ ರಕ್ತ ಬೇಡವಂತೆ.

ರಕ್ತದಾನ ಶಿಬಿರ ಎಂದು ಬೆಳಿಗ್ಗೆಯೇ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ತೋಳಿಗೆ ಪಟ್ಟಿ ಸುತ್ತಿದ ನರ್ಸಮ್ಮ ಒಮ್ಮೆ ನೋಡಿದಳು, ಬಿಚ್ಚಿ ಮತ್ತೆ ಸುತ್ತಿ ನೋಡಿದಳು, ಆಮೇಲೆ ಇನ್ನೊಬ್ಬಳನ್ನು ಕರೆದಳು. ರಕ್ತದೊತ್ತಡ ಮೇಲಿನದು ನೂರ ಎಂಬತ್ತೆಂಟು, ಕೆಳಗಿನದು ನೂರ ಹನ್ನೆರಡು. "ಅಂಕಲ್, ನೀವು ಮೊದ್ಲು ಡಾಕ್ಟ್ರನ್ನ ನೋಡಿ," ಎಂದಳು. ಯಂತ್ರ ಕೆಟ್ಟಿದೆ ಎಂದೆ. ನನ್ನ ಹಿಂದೆ ನಿಂತಿದ್ದ ಕಾಲೇಜು ಹುಡುಗನಿಗೆ ಅದೇ ಯಂತ್ರ ಎಷ್ಟು ಬೇಕೋ ಅಷ್ಟೇ ತೋರಿಸಿತು. ನನಗೆ ತಲೆನೋವಿಲ್ಲ, ಎದೆನೋವಿಲ್ಲ, ಈ ವಯಸ್ಸಿನಲ್ಲೂ ಉಪ್ಪಿನ ಮೂಟೆ ನಾನೇ ಹೊರುತ್ತೇನೆ, ನನಗೆ ಏನೂ ಆಗಿಲ್ಲ ಎಂದು ಜೋರಾಗಿಯೇ ಹೇಳಿದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮನೆಗೆ ಬಂದು ಹೆಂಡತಿ ಅನ್ನಪೂರ್ಣೆಗೆ ಹೇಳಿದೆ. ಒಗ್ಗರಣೆ ಸೌಟು ಕೆಳಗಿಡದೆ, "ನಾ ಎಷ್ಟು ವರ್ಷದಿಂದ ಹೇಳ್ತಾ ಇದ್ದಿ. ಈಗ ಯಂತ್ರನೂ ಹೇಳ್ತು," ಎಂದಳು. ಅವಳು ವರ್ಷಗಟ್ಟಲೆ ಹೇಳುತ್ತಿದ್ದದ್ದು ನನ್ನ ಸಿಟ್ಟಿನ ವಿಷಯ. ಎರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಸಿಟ್ಟು ನೆತ್ತಿಗೇರಿತು.

ಜನವರಿ 21

ಡಾಕ್ಟರ್ ವಂದನಾ ತೀರ್ಥಹಳ್ಳಿ ಕಡೆಯ ಹುಡುಗಿ. ಹುಡುಗಿ ಎಂದು ಬರೆಯುವುದು ತಪ್ಪೇನೋ, ಆದರೂ ನನಗೆ ಮಗಳ ವಯಸ್ಸು. ಮೂತ್ರ ಪರೀಕ್ಷೆ ಮಾಡಿಸಿ, ಕಣ್ಣಿಗೆ ದೀಪ ಬಿಟ್ಟು ಒಳಗೆಲ್ಲ ನೋಡಿದರು. ಮೂತ್ರಪಿಂಡಕ್ಕೆ ಆಗಲೇ ಪೆಟ್ಟು ಬೀಳಲು ಶುರುವಾಗಿದೆಯಂತೆ. ಹೀಗೇ ಬಿಟ್ಟರೆ ಒಂದೋ ಅದು ಹೋಗುತ್ತದೆ, ಇಲ್ಲ ಒಂದು ದಿನ ಬಾಯಿ ಪಕ್ಕಕ್ಕೆ ಎಳೆದುಕೊಂಡು ಅರ್ಧ ಮೈ ಬೀಳುತ್ತದೆ. ಹವಾಮಾನ ವರದಿ ಓದುವ ಹಾಗೆ ಹೇಳಿದರು.

"ಏನು ಕೆಲಸ ಮಾಡ್ತೀರಿ ಭಟ್ರೇ?"

"ಮಾವಿನ ಮಿಡಿ ಉಪ್ಪಿನಕಾಯಿ. ಅಪ್ಪೆಮಿಡಿ."

ಪೆನ್ನು ಕೆಳಗಿಟ್ಟು ನಕ್ಕರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಒಂದು ಮಾತ್ರೆ, ಊಟದಲ್ಲಿ ಉಪ್ಪು ಹೆಸರಿಗೆ ಮಾತ್ರ, ಉಪ್ಪಿನಕಾಯಿ ಬಂದ್. ನಿದ್ದೆ, ಸಿಟ್ಟು, ತಲೆಸುತ್ತು ಎಲ್ಲ ಬರೆದಿಡಿ ಎಂದರು. ಅದಕ್ಕೇ ಈ ಬರವಣಿಗೆ. ಅವರಿಗೆ ತೋರಿಸುವುದು ಬೇರೆ ಚೀಟಿ, ಇದು ನನಗೆ.

ಉಪ್ಪಿನಕಾಯಿ ಮಾಡುವವನಿಗೆ ಉಪ್ಪು ಬಿಡು ಎನ್ನುವುದು ಯಾವ ವೈದ್ಯಕೀಯ?

ಜನವರಿ 28

ಕೂತರೆ ಏಳಬೇಕು, ಎದ್ದರೆ ಕೂರಬೇಕು. ಎದ್ದ ಕೂಡಲೇ ಕಣ್ಣು ಕಪ್ಪಾಗುತ್ತದೆ. ಎದೆ ಸುಮ್ಮನೆ ಹೊಡೆದುಕೊಳ್ಳುತ್ತದೆ. ಮಾತ್ರೆ ಶುರುವಾಗುವ ಮೊದಲು ಕಲ್ಲುಗುಂಡಿನ ಹಾಗಿದ್ದೆ. ರೋಗ ಬಂದದ್ದು ಔಷಧಿಯಿಂದ.

ಊಟವಂತೂ ಕೇಳಲೇಬೇಡಿ. ಸಾರು ಎಂದರೆ ಬಿಸಿ ನೀರಿಗೆ ಕೊತ್ತಂಬರಿ ಸೊಪ್ಪು. ಇವತ್ತು ತಟ್ಟೆಯನ್ನು ದೂಡಿಬಿಟ್ಟೆ. ಗೋಡೆಗೆ ಹೋಗಿ ಬಡಿಯಿತು. ಅನ್ನಪೂರ್ಣೆ ಗೋಡೆ ಒರೆಸಿ ಬಂದು, ಅದೇ ಸಾರನ್ನು ತಾನೂ ಬಡಿಸಿಕೊಂಡು ಉಂಡಳು. ನಿನಗೆ ಯಾವ ರೋಗ, ನಿನಗೆ ಬೇರೆ ಮಾಡಿಕೋ ಎಂದೆ.

"ಎರಡು ಸಾರು ಮಾಡ್ತಾ ಕೂರಲೆ ನಂಗೆ ಪುರಸೊತ್ತಿಲ್ಲೆ. ನಂಗೂ ಇದೇ ಸಾಕು," ಎಂದಳು.

ಮೊಂಡುತನದಲ್ಲಿ ಅವಳೇನೂ ನನಗಿಂತ ಕಡಿಮೆಯಿಲ್ಲ.

ಫೆಬ್ರುವರಿ 6

ಡಾಕ್ಟರ್ ಹತ್ತಿರ ಜಗಳಕ್ಕೆಂದೇ ಹೋದೆ. ಒತ್ತಡ ಇಳಿದಿದೆ ಎಂದು ಅವರು ಖುಷಿಯಲ್ಲಿದ್ದರು. ಇಳಿದಿದ್ದರೆ ನನಗೇಕೆ ಈ ಚಡಪಡಿಕೆ ಎಂದು ಕೇಳಿದೆ. ಅವರು ತಮ್ಮ ಕುತ್ತಿಗೆಯ ಮೇಲೇ ಬೆರಳಿಟ್ಟು ತೋರಿಸಿದರು.

"ನೋಡಿ ಭಟ್ರೇ, ಇಲ್ಲಿ ದೊಡ್ಡ ರಕ್ತನಾಳ ಇದೆ. ಅದರ ಗೋಡೇಲಿ ನರದ ತುದಿಗಳಿರ್ತವೆ. ಒತ್ತಡ ಏರಿ ಗೋಡೆ ಹಿಗ್ಗಿದ್ರೆ ಮಿದುಳಿಗೆ ಸುದ್ದಿ ಕಳಿಸ್ತವೆ. ಮಿದುಳು ಹೃದಯಕ್ಕೆ ನಿಧಾನ ಅನ್ನುತ್ತೆ, ನಾಳಗಳನ್ನ ಸಡಿಲ ಬಿಡುತ್ತೆ. ಇಳಿದ್ರೆ ಅದರ ಉಲ್ಟಾ. ಆದ್ರೆ ನಿಮ್ಮ ಹಾಗೆ ವರ್ಷಗಟ್ಲೆ ಏರೇ ಇದ್ರೆ, ಆ ನರಗಳು ಏರಿದ್ದನ್ನೇ ಸರಿ ಅಂತ ಒಪ್ಕೊಂಡುಬಿಡ್ತವೆ. ಈಗ ನಾವು ಇಳಿಸಿದ್ರೆ, ಅಯ್ಯೋ ಬಿದ್ದೋಯ್ತು ಅಂತ ಅವೇ ಕೂಗ್ತವೆ. ಎದೆ ಹೊಡ್ಕೊಳ್ಳೋದು, ಕೂತಲ್ಲಿ ಕೂರೋಕಾಗದೇ ಇರೋದು ಎಲ್ಲ ಅದೇ."

"ಅಂದ್ರೆ ನನ್ನೊಳಗಿನವೇ ನಂಗೆ ಸುಳ್ಳು ಹೇಳ್ತಾ ಇದಾವಾ?"

"ಸುಳ್ಳಲ್ಲ, ಅಭ್ಯಾಸ. ಕೆಲವು ವಾರ ತಡ್ಕೊಳ್ಳಿ. ಹೊಸ ಮಟ್ಟಕ್ಕೆ ಹೊಂದ್ಕೊಳ್ತವೆ. ಹೊಂದ್ಕೊಂಡಿದ್ದು ನಿಮಗೆ ಗೊತ್ತೂ ಆಗಲ್ಲ."

ಇನ್ನೂ ಒಂದು ಹೇಳಿದರು. ಸಿಟ್ಟು ಬಂದಾಗ ಮೈ ಬಿಸಿ ಮಾಡುವ ನರಗಳು ಮೂತ್ರಪಿಂಡಕ್ಕೂ ಹೋಗುತ್ತವಂತೆ. ಉಪ್ಪನ್ನು ಹೊರಗೆ ಬಿಡಬೇಡ ಎಂದು ಅದಕ್ಕೆ ಹೇಳುತ್ತವಂತೆ. ಉಪ್ಪು ನಿಂತರೆ ನೀರು ನಿಲ್ಲುತ್ತದೆ, ನೀರು ನಿಂತರೆ ಒತ್ತಡ. ಹಾಗಾದರೆ ಅನ್ನಪೂರ್ಣೆ ಹೇಳಿದ್ದರಲ್ಲಿ ಏನೋ ಇದ್ದ ಹಾಗಾಯಿತು. ಅವಳಿಗೆ ಇದನ್ನು ಹೇಳಲಿಲ್ಲ.

ಫೆಬ್ರುವರಿ 17

ಮೊದಲ ಮಿಡಿ ಬಂತು! ಜಟ್ಟಪ್ಪ ಎರಡು ಬುಟ್ಟಿ ತಂದ. ನನ್ನ ಅಪ್ಪನ ಕಾಲದಿಂದಲೂ ನಿಟ್ಟೂರು ಕಡೆಯ ಮರ ಹತ್ತುವವರು ಅವರ ಮನೆಯವರೇ. ಮಿಡಿ ನೆಲಕ್ಕೆ ಬಿದ್ದರೆ ಒಳಪೆಟ್ಟಾಗಿ ಕೊಳೆಯುತ್ತದೆ. ಅವನು ಬುಟ್ಟಿಗೆ ಹಗ್ಗ ಕಟ್ಟಿ ಮಗುವನ್ನು ಇಳಿಸುವ ಹಾಗೆ ಇಳಿಸುತ್ತಾನೆ. ತೊಟ್ಟು ಮುರಿದದ್ದು ಒಂದೂ ಇರಲಿಲ್ಲ.

ಫೆಬ್ರುವರಿ 20

ಉಪ್ಪಿಗೆ ಹಾಕಿದ ಮಿಡಿ ಮೂರು ದಿನಕ್ಕೆ ನೀರು ಬಿಡುತ್ತದೆ. ಆ ನೀರಿನ ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಬೇಕು. ತುದಿ ಚುರ್ ಎಂದು, ಕಿವಿಯ ಕೆಳಗೆ ಸೆಳೆದರೆ "ಸಾಕು" ಎನ್ನಬೇಕು. ಇಲ್ಲದಿದ್ದರೆ ಇನ್ನೊಂದು ಬೊಗಸೆ ಕಲ್ಲುಪ್ಪು. ತೂಕದ ಲೆಕ್ಕ ನಮ್ಮಲ್ಲಿಲ್ಲ, ಏಕೆಂದರೆ ಒಂದೊಂದು ಮರದ ಮಿಡಿ ಒಂದೊಂದು ಥರ ನೀರು ಬಿಡುತ್ತದೆ. ಅಮ್ಮ ಹೀಗೇ ನೋಡುತ್ತಿದ್ದಳು. ಮಿಡಿಗೆ ಒಂದೇ ನಾಲಿಗೆ ಎನ್ನುವುದು ಅವಳ ಕಟ್ಟಳೆ. ಹತ್ತು ಜನ ರುಚಿ ನೋಡಿದ ಮಿಡಿ ಎಂಜಲಾಯಿತು, ಉಳಿಯುವುದಿಲ್ಲ. ಅವಳ ನಂತರ ಆ ನಾಲಿಗೆ ನನ್ನದು. ಶೆಡ್ಡಿನಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುವ ಸರೋಜ ಕೂಡ ಇದುವರೆಗೆ ಉಪ್ಪುನೀರನ್ನು ಬಾಯಿಗೆ ಮುಟ್ಟಿಸಿದವಳಲ್ಲ.

ನಿಜ ಹೇಳಬೇಕೆಂದರೆ ಇವತ್ತು ಒಂದು ಹನಿಗೆ ನಿಲ್ಲಲಿಲ್ಲ. ನಾಲ್ಕು ಸಲ ನೆಕ್ಕಿದೆ. ಸ್ವರ್ಗ! ಉಪ್ಪು ಇನ್ನೂ ಬೇಕು, ಇನ್ನೂ ಬೇಕು ಎನ್ನಿಸುತ್ತಿತ್ತು. ಸರೋಜ, "ಭಟ್ರೇ, ಮಿಡಿಗೆ ಸ್ವಲ್ಪ ಬಿಡಿ," ಎಂದು ನಕ್ಕಳು.

ಮಾರ್ಚ್ 2

ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಡಾಕ್ಟರ್ ಹೇಳಿದ್ದು ಮರೆತುಹೋಯಿತಾ ಎಂದು ಕೇಳಿದೆ. ಚಿಟಿಕೆ ಹಾಕಿದ್ದು, ನಿನ್ನೆಯಷ್ಟೇ ಎಂದಳು. ಹಾಗಾದರೆ ನಿನ್ನೆಯೂ ಜಾಸ್ತಿ.

ಎರಡು ವಾರದಿಂದ ತಲೆಸುತ್ತು ಬರೆದಿಲ್ಲ ಎಂದು ಈಗ ನೆನಪಾಯಿತು. ಬರೆಯುವುದನ್ನೇ ಮರೆತಿರಬೇಕು.

ಮಾರ್ಚ್ 11

ಈ ವರ್ಷದ ದೊಡ್ಡ ಕೊಯ್ಲು ಇದೇ. ನಿಟ್ಟೂರಿನ ಹಳ್ಳದ ದಂಡೆಯ ಜೀರಿಗೆ ಮಿಡಿ. ತೊಟ್ಟು ಮುರಿದರೆ ಸೊನೆಯಿಂದ ಜೀರಿಗೆ ಪರಿಮಳ ಬರುತ್ತದೆ. ಮೂರು ಡ್ರಮ್ಮು ತುಂಬಿತು. ಹೊಸನಗರ, ತೀರ್ಥಹಳ್ಳಿಯ ಅಂಗಡಿಯವರು ಇದಕ್ಕೇ ಕಾಯುತ್ತಿರುತ್ತಾರೆ. ಇದು ಕೈಕೊಟ್ಟರೆ ವರ್ಷವೇ ಕೈಕೊಟ್ಟ ಹಾಗೆ.

ಜಟ್ಟಪ್ಪ ನಮ್ಮಲ್ಲೇ ಊಟ ಮಾಡಿದ. ಎರಡು ತುತ್ತು ಉಂಡು, "ಅಮ್ಮಾ, ಚೂರು ಉಪ್ಪು ಬೇಕಿತ್ತು," ಎಂದ. ಅನ್ನಪೂರ್ಣೆ ಬಟ್ಟಲೇ ತಂದಿಟ್ಟಳು. ಅವನು ಹಾಕಿಕೊಂಡದ್ದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಇಷ್ಟು ಉಪ್ಪು ತಿಂದರೆ ಏನಾಗುತ್ತದೆ ಗೊತ್ತಾ, ಒಮ್ಮೆ ಡಾಕ್ಟರಿಗೆ ತೋರಿಸು ಎಂದು ಬುದ್ಧಿ ಹೇಳಿದೆ. ನನ್ನ ಮುಖವನ್ನೇ ನೋಡಿದ.

ಮಾರ್ಚ್ 14

ಉಪ್ಪುನೀರು ನೋಡಿದೆ. ಒಂದೇ ಹನಿಗೆ ನಾಲಿಗೆ ಸುಟ್ಟುಹೋಯಿತು. ಈ ಸಲ ಮಿಡಿಯೇ ಖಡಕ್ಕಾಗಿದೆ. "ಸಾಕು" ಎಂದೆ.

"ಭಟ್ರೇ, ಹೋದ ವರ್ಷ ಇನ್ನೂ ಸುಮಾರು ಹಾಕಿದ್ವಲ್ಲಾ. ಇನ್ನೊಂದೆರಡು ಬೊಗಸೆ ಹಾಕ್ಲಾ?" ಎಂದಳು ಸರೋಜ.

"ಹೋದ ವರ್ಷದ ಮಿಡಿ ಬೇರೆ. ನಾಲಿಗೆ ಯಾರದ್ದು, ನಿಂದಾ ನಂದಾ?" ಎಂದೆ. ಜೋರಾಗಿ ಹೇಳಲಿಲ್ಲ. ಅವಳು ಮುಚ್ಚಳ ಹಾಕಿದಳು.

ಮಾರ್ಚ್ 20

ಯುಗಾದಿಗೆ ಅನ್ನಪೂರ್ಣೆ ನಿಟ್ಟೂರಿನ ತವರಿಗೆ ಹೋದಳು. ನಾನು ಹೋಗಲಿಲ್ಲ. ಹಬ್ಬದ ಎಲೆಯ ಮುಂದೆ ಕೂತು ಅದರಲ್ಲಿ ಉಪ್ಪೆಷ್ಟು ಇದರಲ್ಲಿ ಉಪ್ಪೆಷ್ಟು ಎಂದು ಕೇಳುವ ಮರ್ಯಾದೆಗೇಡು ಯಾರಿಗೆ ಬೇಕು? ನಾಲ್ಕು ದಿನ ಇದ್ದು ಬರುತ್ತೇನೆ ಎಂದವಳು ಇವತ್ತೇ ವಾಪಸ್ಸು. ಯಾಕೆ ಎಂದರೆ, "ಎಂತೂ ಇಲ್ಲೆ, ಸುಮ್ನೆ," ಎಂದಳು.

ಅವಳನ್ನು ಕರೆತರಲು ಹೊಸನಗರದವರೆಗೆ ಹೋದವನು ಹೋಟೆಲಿಗೆ ಹೊಕ್ಕು ಒಂದು ದೋಸೆ ತಿಂದೆ. ಚಟ್ನಿಯೋ ಉಪ್ಪಿನ ಕೆಸರೋ! ಮಾಲೀಕನನ್ನು ಕರೆದು ಹೇಳಿದೆ. ಅವನು ಬೆರಳಲ್ಲಿ ಮುಟ್ಟಿ ನೋಡಿ, "ಸರಿ ಇದೆಯಲ್ಲ ಸಾರ್," ಎಂದ. ಪಕ್ಕದ ಮೇಜಿನವರೂ ಸರಿ ಇದೆ ಎಂದರು. ಊರಿಗೆ ಊರೇ ಉಪ್ಪಿನ ಹುಚ್ಚು ಹಿಡಿಸಿಕೊಂಡಿದೆ. ಡಾಕ್ಟರ್ ವಂದನಾ ಇವರನ್ನೆಲ್ಲ ಸಾಲಾಗಿ ಕೂರಿಸಿ ಪಟ್ಟಿ ಸುತ್ತಬೇಕು.

ಏಪ್ರಿಲ್ 4

ಮಿಡಿ ಹೋಯಿತು.

ಮುಚ್ಚಳ ತೆಗೆಯುತ್ತಲೇ ವಾಸನೆ ಬೇರೆ. ಮೇಲೆ ಬಿಳಿ ಬೂಷ್ಟು ಕಟ್ಟಿದೆ. ಕೈ ಹಾಕಿ ಒಂದನ್ನು ಎತ್ತಿದೆ, ಬೆರಳ ನಡುವೆಯೇ ಕಲಸಿಹೋಯಿತು. ಎರಡನೆಯ ಡ್ರಮ್ಮು ಹಾಗೇ. ಮೂರನೆಯದೂ ಹಾಗೇ. ಜೀರಿಗೆ ಪರಿಮಳ ಇನ್ನೂ ಸ್ವಲ್ಪ ಇತ್ತು, ಅದೇ ಹೆಚ್ಚು ಸಂಕಟ.

ಸರೋಜ ಬಾಗಿಲ ಹತ್ತಿರಕ್ಕೆ ಸರಿದು ನಿಂತಳು. ಉಳಿದ ಇಬ್ಬರು ಹೆಂಗಸರು ಆಗಲೇ ಹೊರಗಿದ್ದರು. ನಾನು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತೆ. ಯಾಕೋ ಕೂಗಬೇಕು ಎನ್ನಿಸಲಿಲ್ಲ. ಆಮೇಲೆ ಎಲ್ಲರಿಗೂ ಚಾ ಮಾಡಿಕೊಡಲು ಹೇಳಿದೆ.

ಮನೆಗೆ ಬಂದು ಅನ್ನಪೂರ್ಣೆಗೂ ಮೆಲ್ಲಗೇ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಫೋನಿನ ಮಾತು ಕೇಳಿಸಿತು. "ಡಾಕ್ಟ್ರೇ, ಮೂರು ಡ್ರಮ್ಮು ಮಿಡಿ ಕೊಳೆತುಹೋಗಿದೆ. ಇವರು ಬೈತಾನೇ ಇಲ್ಲ. ಏನೋ ಆಗಿದೆ ಇವರಿಗೆ, ಕರ್ಕೊಂಡು ಬರ್ಲಾ?"

ಏನು ಹೆಂಗಸೋ. ಬೈದರೂ ಕಷ್ಟ, ಬೈಯದಿದ್ದರೂ ಕಷ್ಟ.

ಏಪ್ರಿಲ್ 5

ಜಟ್ಟಪ್ಪನನ್ನು ಕರೆಸಿದೆ. ಮಳೆ ಬಿದ್ದ ಮರದಿಂದ ಇಳಿಸಿದ್ದಾ ಎಂದು ಕೇಳಿದೆ. ಇಲ್ಲ ಎಂದ. ಡ್ರಮ್ಮಿನ ಮುಂದೆ ಕೂತು ತುಂಬ ಹೊತ್ತು ನೋಡಿದ.

"ಭಟ್ರೇ, ಬಾಯಿಗೆ ಹಾಕ್ಲಾ? ಹೆಂಗೂ ಚೆಲ್ಲೋದೇ ಅಲ್ವಾ."

ಹಾಕು ಎಂದೆ. ಹಾಕಿ, ಉಗಿದು, ಹಿಂದೆ ಮುಂದೆ ನೋಡಿದ.

"ಹೇಳಾ."

"ಉಪ್ಪು ಸಾಲ್ದು ಭಟ್ರೇ. ಸಾಲ್ದು ಅಂದ್ರೆ ಏನೇನೂ ಸಾಲ್ದು. ನಿಮ್ಮನೆ ಊಟನೂ ಹಂಗೇ ಆಗಿದೆ. ಅವತ್ತು ಉಪ್ಪು ಕೇಳಿದ್ದಕ್ಕೆ ನೀವು ನಂಗೇ ಡಾಕ್ಟ್ರ ಹತ್ರ ಹೋಗು ಅಂದ್ರಿ."

ನಾನೂ ಒಂದು ಹನಿ ಮುಟ್ಟಿಸಿದೆ. ನನಗೆ ಈಗಲೂ ಚುರ್ ಎಂದಿತು. ಸರೋಜಳಿಗೂ ಮುಟ್ಟಿಸಲು ಹೇಳಿದೆ. ಸಪ್ಪೆ ಎಂದಳು.

ಹೊಂದಿಕೊಂಡದ್ದು ಗೊತ್ತೂ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದು ಕುತ್ತಿಗೆಯ ನರದ ಬಗ್ಗೆ. ನಾಲಿಗೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಉಪ್ಪಿಲ್ಲದ್ದನ್ನು ತಿಂದು ತಿಂದು ಅದಕ್ಕೆ ಸ್ವಲ್ಪವೇ ಬಹಳವಾಗಿದೆ. ಮೂರು ಡ್ರಮ್ಮು ಮಿಡಿಯನ್ನು ನಾನೇ ಕೊಂದೆ, ಅದೂ ಸಾಕು ಸಾಕು ಎಂದು ಹೇಳುತ್ತ. ನಾಚಿಕೆಯಿಂದ ಸಾಯುವ ಹಾಗಾಗಿದೆ.

ಏಪ್ರಿಲ್ 7

ಇನ್ನು ಒಂದೇ ಕೊಯ್ಲು ಬಾಕಿ. ಮೇಗರವಳ್ಳಿ ಕಾಡಿನಂಚಿನಲ್ಲಿ ತಡವಾಗಿ ಬಿಡುವ ಎರಡು ಮರಗಳಿವೆ, ಹತ್ತು ಹನ್ನೆರಡು ದಿನಕ್ಕೆ ಇಳಿಸಬಹುದು ಎಂದು ಜಟ್ಟಪ್ಪ ಹೇಳಿಹೋದ. ಅಷ್ಟರೊಳಗೆ ನನ್ನ ನಾಲಿಗೆ ನನಗೆ ವಾಪಸ್ಸು ಬೇಕು.

ಶೆಡ್ಡಿನ ಮೂಲೆಯಲ್ಲಿ ಹೋದ ವರ್ಷದ ಭರಣಿ ಇದೆ. ಇವತ್ತು ಬೆಳಿಗ್ಗೆ ಎರಡು ಮಿಡಿ, ಸಂಜೆ ಎರಡು. ಮೊದಲನೆಯದು ಬಾಯಲ್ಲಿ ಇಡಲಾಗಲಿಲ್ಲ. ಔಷಧಿ ಎಂದುಕೊಂಡು ನುಂಗಿದೆ.

ಏಪ್ರಿಲ್ 9

ನಾಲ್ಕು ನಾಲ್ಕು. ಕಲ್ಲುಪ್ಪಿನ ಹರಳು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ನೀರು ಕುಡಿದಷ್ಟೂ ಬಾಯಾರಿಕೆ.

ಏಪ್ರಿಲ್ 14

ಬರುತ್ತಿದೆ! ಮಧ್ಯಾಹ್ನದ ಸಾರು ಸಪ್ಪೆ ಎನ್ನಿಸಿತು. ಕುಣಿಯುವಷ್ಟು ಸಂತೋಷವಾಯಿತು. ಮುಖ ಮಾತ್ರ ಗಂಟು ಹಾಕಿಕೊಂಡು ಉಂಡೆ.

ಮೈಯಲ್ಲೂ ಚುರುಕು. ಇವತ್ತು ಪಾರ್ಸೆಲ್ ಆಟೋದವನಿಗೆ, ಕರೆಂಟಿನವರಿಗೆ, ಮುಚ್ಚಳ ಸರಿಯಾಗಿ ತಿರುಗಿಸದ ಹೆಂಗಸರಿಗೆ, ಎಲ್ಲರಿಗೂ ಸರಿಯಾಗಿ ಕೊಟ್ಟೆ. "ಅಂತೂ ಭಟ್ರು ಮೊದ್ಲಿನಂಗೆ ಆದ್ರು," ಎಂದು ಸರೋಜ ಪಕ್ಕದವಳಿಗೆ ಹೇಳುವುದು ಕೇಳಿಸಿತು. ಹೌದು, ಇದು ನಾನು. ಮೂರು ತಿಂಗಳು ಬೇರೆ ಯಾರೋ ನನ್ನ ಅಂಗಿ ತೊಟ್ಟುಕೊಂಡು ಓಡಾಡುತ್ತಿದ್ದ.

ಒತ್ತಡ ನೋಡಲು ಮನೆಗೆ ತಂದಿಟ್ಟ ಯಂತ್ರ ನೂರ ಎಪ್ಪತ್ತಾರು ತೋರಿಸಿತು. ಸೆಲ್ಲು ಹೋಗಿರಬೇಕು.

ಏಪ್ರಿಲ್ 16

ಅನ್ನಪೂರ್ಣೆ ಎರಡು ಸಲ ಕೇಳಿದಳು, ಮಾತ್ರೆ ತಗಂಡ್ರಾ ಎಂದು. ತೆಗೆದುಕೊಂಡಿದ್ದೇನೆ, ಅದರಲ್ಲಿ ಸುಳ್ಳಿಲ್ಲ. ಮತ್ತೆ ಯಾಕೆ ಹೀಗೆ ಎಂದಳು. ಹೀಗೆ ಅಂದರೆ ಹೇಗೆ ಎಂದು ಮೇಜಿಗೆ ಗುದ್ದಿದೆ.

ಏಪ್ರಿಲ್ 19

ಮೇಗರವಳ್ಳಿ ಮಿಡಿ ಬಂತು. ಎರಡು ಡ್ರಮ್ಮು. ಉಪ್ಪಿಗೆ ಹಾಕಿದೆವು. ಕೂತಲ್ಲಿ ಕೂರಲಾಗುತ್ತಿಲ್ಲ. ಶೆಡ್ಡಿಗೂ ಮನೆಗೂ ಎಷ್ಟು ಸಲ ತಿರುಗಿದೆನೋ.

ಏಪ್ರಿಲ್ 22

ಬೆಳಿಗ್ಗೆ ಮೊದಲ ಡ್ರಮ್ಮಿನ ಉಪ್ಪುನೀರು ನೋಡಿದೆ. ಸಾಲದು ಎಂದಿತು ನಾಲಿಗೆ. ಮೂರು ಬೊಗಸೆ ಹಾಕಿಸಿದೆ, ಕಲಕಿಸಿದೆ, ಮತ್ತೆ ನೋಡಿದೆ. ತುದಿ ಚುರ್ ಎಂದು ಕಿವಿಯ ಕೆಳಗೆ ಸೆಳೆಯಿತು. ಅದೇ, ಅಮ್ಮನ ಅಳತೆ! ಬಗ್ಗಿದವನು ಹಾಗೇ ಬಗ್ಗಿ, ನಾಲಿಗೆ ಬಂತು ಎಂದು ಹಿಗ್ಗುತ್ತಿದ್ದೆ. ಮೂಗಿನಲ್ಲಿ ಬಿಸಿಯಾಯಿತು. ಉಪ್ಪುನೀರಿಗೆ ಟಪ್ ಎಂದು ಒಂದು ಹನಿ ಬಿತ್ತು. ಕೆಂಪಗೆ. ಇನ್ನೊಂದು. ತಲೆ ಎತ್ತುವಷ್ಟರಲ್ಲಿ ಧಾರೆಯೇ ಆಯಿತು, ಹಸಿರು ಮಿಡಿಗಳ ಮೇಲೆ.

ಸರೋಜ ಕಿರುಚಿಕೊಂಡಳು. ಮೂಗು ಹಿಡಿದುಕೊಂಡು ಕೂತೆ. ರಕ್ತ ನಿಲ್ಲಲು ಬಹಳ ಹೊತ್ತಾಯಿತು. ಅನ್ನಪೂರ್ಣೆ ಆಟೋದಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರ್ ಈ ಸಲ ನಗಲಿಲ್ಲ. "ಏನು ತಿಂತಿದ್ರಿ?" ಎಂದರು. ಹೇಳಿದೆ. ಅನ್ನಪೂರ್ಣೆ ಪಕ್ಕದಲ್ಲೇ ಕೂತಿದ್ದಳು, ಎಲ್ಲ ಹೇಳಿದೆ. "ಮೂಗಲ್ಲಿ ಬಂತು, ಬಚಾವಾದ್ರಿ. ಇದೇ ತಲೆ ಒಳಗೆ ಆಗಿದ್ರೆ ನಾನು ಈಗ ನಿಮ್ಮ ಹತ್ರ ಮಾತಾಡ್ತಾ ಇರ್ತಿರ್ಲಿಲ್ಲ. ಮಿಡಿ ಬೇಕಾ, ನೀವು ಬೇಕಾ, ಮನೇಲಿ ಕೂತು ಯೋಚ್ನೆ ಮಾಡಿ," ಎಂದರು.

ಆ ಡ್ರಮ್ಮನ್ನು ನಾನೇ ನಿಂತು ಚೆಲ್ಲಿಸಿದೆ. ಉಪ್ಪು ಸರಿಯಾಗಿತ್ತು.

ಏಪ್ರಿಲ್ 23

ಅನ್ನಪೂರ್ಣೆ ಮಧ್ಯಾಹ್ನ ಬಡಿಸಲಿಲ್ಲ, ಪಾತ್ರೆಯನ್ನೇ ಮುಂದಿಟ್ಟು ಎದುರಿಗೆ ಕೂತಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ.

"ನಿಂಗೊ ನಾಲಿಗೆ ಹೋತು ಹೇಳಿ ಭರಣಿ ಹುಡ್ಕಂಡು ಹೋದ್ರಿ. ನಂದು ಎಂತ ಆತು ಹೇಳಿ ಒಂದಿನ ಕೇಳಿದ್ರಾ? ಯುಗಾದಿಗೆ ತವರಿಗೆ ಹೋದ್ನಲಿ. ಹೆತ್ತ ಆಯಿ ನಂಗೋಸ್ಕರ ಮಾವಿನಕಾಯಿ ಅಪ್ಪೆಹುಳಿ ಮಾಡಿತ್ತು. ಬಾಯಿಗೆ ಇಡಲೆ ಆಜಿಲ್ಲೆ. ಬರೀ ಉಪ್ಪು. ಸಣ್ಣಾಗಿದ್ದಾಗಿಂದ ತಿಂದಿದ್ದು, ಆಯಿ ಕೈದು, ನಂಗೆ ಉಣ್ಣಲೆ ಆಜಿಲ್ಲೆ. ಎದುರಿಗೇ ಕೂತು ಹೆಂಗಿದ್ದು ಕೂಸೇ ಹೇಳಿ ಕೇಳ್ತು. ಚೊಲೋ ಇದ್ದು ಹೇಳಿ ಸುಳ್ಳು ಹೇಳ್ದಿ. ಮತ್ತೊಂದು ದಿನ ಅಲ್ಲಿ ಕೂರಲೆ ಧೈರ್ಯ ಬಂಜಿಲ್ಲೆ."

ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಂಗೊ ಉಳೀಲಿ ಹೇಳಿ ನಾ ತವರಿನ ರುಚಿ ಬಿಟ್ಟಿ. ನಿಂಗೊಗೆ ಮಿಡಿ ಉಪ್ಪು ಬಿಡಲೆ ಆಗ್ತಿಲ್ಲೆ," ಎಂದಳು.

ಮೂರು ತಿಂಗಳಿಂದ ಈ ಪುಟಗಳಲ್ಲಿ ನನ್ನ ಎದೆ, ನನ್ನ ತಲೆ, ನನ್ನ ನಾಲಿಗೆ. ಅವಳಿಗೂ ಒಂದು ನಾಲಿಗೆ ಇದೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ತಪ್ಪಾಯಿತು ಎಂದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವಳಿಗೆ ಎಂದಾದರೂ ಹೇಳಿದ್ದೆನೋ ಇಲ್ಲವೋ.

ಆಮೇಲೆ ನಾನೇ ಅವಳಿಗೆ ಬಡಿಸಿದೆ.

ಏಪ್ರಿಲ್ 24

ಉಳಿದದ್ದು ಎರಡನೆಯ ಡ್ರಮ್ಮು. ಅದರ ಹತ್ತಿರ ನಾನು ಹೋಗಿರಲಿಲ್ಲ. ಸರೋಜಳನ್ನು ಕರೆದು ನೋಡು ಎಂದೆ.

"ನಾನಾ? ನಿಮ್ಮಮ್ಮ ಇದ್ದಿದ್ರೆ ನನ್ನನ್ನ ಶೆಡ್ಡಿಂದಾನೇ ಓಡಿಸ್ತಿದ್ರು."

"ಅಮ್ಮ ಹೇಳಿದ್ದು ಒಂದೇ ನಾಲಿಗೆ ಅಂತ. ಇನ್ನು ಮೇಲೆ ಆ ಒಂದು ನಿಂದು."

ಅವಳು ಕೈ ತೊಳೆದು ಬಂದಳು. ಅಂಗೈಗೆ ಹನಿ ಹಾಕಿಕೊಂಡು, ಕಣ್ಣು ಮುಚ್ಚಿ, ದೇವರ ತೀರ್ಥ ತೆಗೆದುಕೊಳ್ಳುವವಳ ಹಾಗೆ ನೋಡಿದಳು. ಇನ್ನೆರಡು ಬೊಗಸೆ ಬೇಕು ಎಂದಳು. ಮೊದಲ ಡ್ರಮ್ಮಿಗೆ ಮೂರು ಬೇಕಾಗಿತ್ತು ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಹೊರಗೆ ಬಂದೆ. ಬಾವಿಕಟ್ಟೆಗೆ ಮೂರು ಸುತ್ತು ಹಾಕಿದೆ. ಅಳು ಬಂದಿತ್ತು, ಯಾರೂ ನೋಡಲಿಲ್ಲ.

ಮೇ 17

ಒತ್ತಡ ನೂರ ಮೂವತ್ತರ ಆಸುಪಾಸು. ಸರೋಜಳ ಡ್ರಮ್ಮಿನ ಮಿಡಿ ಗಟ್ಟಿಯಾಗಿದೆ, ಕಚ್ಚಿದರೆ ಕಟುಂ ಎನ್ನುತ್ತದಂತೆ. ಇರುವುದು ಫೆಬ್ರುವರಿಯ ಎರಡು ಬುಟ್ಟಿ ಮತ್ತು ಇದು. ತೀರ್ಥಹಳ್ಳಿಯವರಿಗೆ ಈ ವರ್ಷ ಅರ್ಧವೇ ಕೊಡಲಾಗುವುದು ಎಂದು ಹೇಳಿದೆ. ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ.

ಇವತ್ತು ನಿಟ್ಟೂರಿಗೆ ಹೋಗಿದ್ದೆವು. ಹೋಗುವುದು ಎಂದು ನಾನೇ ಹೊರಡಿಸಿದೆ. ಅವಳು ಒಲ್ಲದ ಮನಸ್ಸಿನಿಂದ ಸೀರೆ ಉಟ್ಟಳು, ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ. ಅತ್ತೆಗೆ ಮೂರು ದಿನ ಮೊದಲೇ ಅವಳಿಗೆ ಗೊತ್ತಾಗದ ಹಾಗೆ ಫೋನ್ ಮಾಡಿ ಎಲ್ಲ ಹೇಳಿದ್ದೆ. ಅಪ್ಪೆಹುಳಿಗೆ ಉಪ್ಪು ಹಾಕುವ ಮೊದಲೇ ನಮ್ಮಿಬ್ಬರದು ಬೇರೆ ತೆಗೆದಿಡಿ ಎಂದಿದ್ದೆ. ಅವರು ಕೇಳಿಸಿಕೊಂಡು, ಹ್ಞೂಂ ಎಂದು ಫೋನ್ ಇಟ್ಟಿದ್ದರು.

ಎಲೆ ಹಾಕಿದರು. ಅತ್ತೆ ಸಣ್ಣ ಪಾತ್ರೆ ಹಿಡಿದು ಮಗಳ ಎಲೆಯ ಮುಂದೆ ಬಂದರು. ಅನ್ನಪೂರ್ಣೆ ಆಗಲೇ ನೀರಿನ ಲೋಟ ಹತ್ತಿರಕ್ಕೆ ಎಳೆದುಕೊಂಡಿದ್ದಳು. ಒಂದು ತುತ್ತು ಬಾಯಿಗಿಟ್ಟಳು. ಅಲ್ಲಿಗೇ ಕೈ ನಿಂತಿತು. ನನ್ನ ಕಡೆ ನೋಡಿದಳು, ಪಾತ್ರೆಯ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

"ಆಯೀ, ಯುಗಾದಿಗೆ ನಾ ನಿಂಗೆ ಸುಳ್ಳು ಹೇಳ್ದಿ."

"ಗೊತ್ತಿದ್ದು," ಎಂದರು ಅತ್ತೆ. "ಅವತ್ತು ನೀ ಉಂಡಿದ್ದಕ್ಕಿಂತ ನೀರು ಕುಡಿದಿದ್ದೇ ಹೆಚ್ಚು. ಆಯಿ ಅಲ್ದನೇ, ನಂಗೆ ಕಾಣ್ತಿಲ್ಯಾ?"

ಅವರಿಗೆ ಒಂದು ಊಟದಲ್ಲಿ ಕಂಡದ್ದು ನನಗೆ ಮೂರು ತಿಂಗಳು ಎದುರಿಗೆ ಕೂತು ಉಂಡರೂ ಕಂಡಿರಲಿಲ್ಲ. ತಲೆ ಎತ್ತಲಾಗದೆ ಎಲೆಯನ್ನೇ ನೋಡುತ್ತಿದ್ದೆ. ಅತ್ತೆ ಅವಳಿಗೆ ಇನ್ನೊಂದು ಸೌಟು ಬಡಿಸಿದರು, ಆಮೇಲೆ ಇನ್ನೊಂದು. ಅವಳು ಬೇಡ ಎನ್ನಲಿಲ್ಲ. ನನ್ನ ಪಾಲಿಗೆ ಉಳಿಯಲಿಲ್ಲ.